ಟಿವಿಯೊಳಗೆ ಗೇಟು

ಕ್ಯಾಮೆರಾ ಹಾಕಿಸುವಾಗ ಮನೆಯವರೆಲ್ಲ ಸೇರಿ ಅರ್ಧ ದಿನ ಚರ್ಚೆ ಮಾಡುತ್ತಾರೆ. ಗೇಟಿಗೆ ಒಂದು, ಕಾರು ನಿಲ್ಲುವಲ್ಲಿ ಒಂದು, ಹಿತ್ತಿಲ ಬಾಗಿಲಿಗೆ ಒಂದು, ಮೇಲೆ ನೀರಿನ ಟ್ಯಾಂಕಿನ ಹತ್ತಿರ ಇನ್ನೊಂದು. ಅವನ್ನೆಲ್ಲ ಎಲ್ಲಿ ಕೂತು ನೋಡುವುದು ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. "ಮೊಬೈಲಲ್ಲೇ ಬರುತ್ತೆ ಸಾರ್" ಎಂದು ಫಿಟ್ಟಿಂಗಿಗೆ ಬಂದ ಹುಡುಗ ಹೇಳಿದನೆಂದರೆ ಮಾತು ಮುಗಿಯಿತು. ಆದರೆ ಹಗಲೆಲ್ಲ ಮನೆಯಲ್ಲಿರುವ ಅಜ್ಜಿಯ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಸ್ಮಾರ್ಟ್‌ಫೋನ್ ಇರುವವರಿಗೂ ಬೆಲ್ ಆದ ಮೇಲೆ ಫೋನು ಹುಡುಕಿ, ಬೀಗ ತೆಗೆದು, ಆಪ್ ಒತ್ತಿ, ಅದು ಗಿರಗಿರ ಸುತ್ತಿ ಚಿತ್ರ ಮೂಡುವಷ್ಟರಲ್ಲಿ ಕೊರಿಯರ್‌ನವನು ಬೀದಿ ತಿರುವು ದಾಟಿರುತ್ತಾನೆ. ಹಾಲ್‌ನಲ್ಲಿ ಗೋಡೆಯಗಲ ಟಿವಿ ಸುಮ್ಮನೆ ನೇತಾಡುತ್ತಿರುತ್ತದೆ.

ಮನೆಯ ಕ್ಯಾಮೆರಾ ಎಂಬ ಕಲ್ಪನೆ ಹುಟ್ಟಿದ್ದೇ ಟಿವಿಯ ಜೊತೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ನರ್ಸ್ ಆಗಿದ್ದವರು; ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಕೆಲಸದವರು. ಇಬ್ಬರೂ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1969ರ ಡಿಸೆಂಬರ್ 2ರಂದು ಅದು ಮಂಜೂರಾಯಿತು. ಬಾಗಿಲಲ್ಲಿ ಬೇರೆ ಬೇರೆ ಎತ್ತರಕ್ಕೆ ನಾಲ್ಕು ಇಣುಕುಕಿಂಡಿ, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಒಂದು ಕ್ಯಾಮೆರಾ, ಚಿತ್ರ ಬರುವುದು ಮಲಗುವ ಕೋಣೆಯ ಟಿವಿಗೆ. ಅಲ್ಲಿಂದಲೇ ಮಾತಾಡಬಹುದು, ಬಾಗಿಲ ಅಗುಳಿಯನ್ನೂ ತೆಗೆಯಬಹುದು. ಮೊಬೈಲು ಈ ಕಥೆಗೆ ನಾಲ್ಕು ದಶಕ ಕಳೆದ ಮೇಲೆ ಸೇರಿಕೊಂಡದ್ದು.

ಟಿವಿಗೆ ಚಿತ್ರ ತರುವ ದಾರಿಗಳಲ್ಲಿ ನನ್ನ ಮತ ಯಾವತ್ತೂ ತಂತಿಗೇ. ಕ್ಯಾಮೆರಾಗಳ ಚಿತ್ರವನ್ನು ರೆಕಾರ್ಡ್ ಮಾಡಿಡುವ ಪೆಟ್ಟಿಗೆ ಡಿವಿಆರ್ (ಅನಲಾಗ್ ಕ್ಯಾಮೆರಾಗಳದ್ದು) ಇರಲಿ ಎನ್‌ವಿಆರ್ (ನೆಟ್‌ವರ್ಕ್ ಕ್ಯಾಮೆರಾಗಳದ್ದು) ಇರಲಿ, ಹಿಂಬದಿಯಲ್ಲಿ ಒಂದು ಎಚ್‌ಡಿಎಂಐ ಕಿಂಡಿ, ಹೆಚ್ಚಿನವಕ್ಕೆ ಪಕ್ಕದಲ್ಲೇ ನೀಲಿ ಬಣ್ಣದ ವಿಜಿಎ ಕಿಂಡಿ ಇರುತ್ತದೆ. ಸಾಮಾನ್ಯವಾಗಿ ಎರಡರಲ್ಲೂ ಏಕಕಾಲಕ್ಕೆ ಒಂದೇ ಚಿತ್ರ ಬರುತ್ತದೆ. ಹಾಗಾಗಿ ಡಿವಿಆರ್ ಪಕ್ಕದ ಹಳೇ ಮಾನಿಟರಿಗೆ ವಿಜಿಎ, ಹಾಲ್‌ನ ಟಿವಿಗೆ ಎಚ್‌ಡಿಎಂಐ ಎಂದು ಹಂಚಿಕೊಂಡರೆ ಒಂದು ಚಿತ್ರವನ್ನು ಎರಡು ಕಡೆಗೆ ಕವಲೊಡೆಸುವ ಸ್ಪ್ಲಿಟರ್ ಕೂಡ ಬೇಕಾಗುವುದಿಲ್ಲ. ಇಂಟರ್ನೆಟ್ ಬೇಡ, ವೈಫೈ ಬೇಡ, ಪಾಸ್‌ವರ್ಡ್ ಬೇಡ. ಗೇಟಿನಲ್ಲಿ ಕೈ ಬೀಸಿದರೆ ಟಿವಿಯಲ್ಲಿ ಆ ಕ್ಷಣಕ್ಕೇ ಕೈ ಬೀಸುತ್ತದೆ.

ತೊಡಕಿರುವುದು ದೂರದಲ್ಲಿ. ಡಿವಿಆರ್ ಮೆಟ್ಟಿಲ ಕೆಳಗೋ ಮಹಡಿಯ ಲಾಫ್ಟಿನಲ್ಲೋ ಇರುತ್ತದೆ, ಟಿವಿ ಹಾಲ್‌ನಲ್ಲಿ. ಸಾಮಾನ್ಯ ಎಚ್‌ಡಿಎಂಐ ಕೇಬಲ್ 1080ಪಿ (ಫುಲ್ ಎಚ್‌ಡಿ) ಚಿತ್ರವನ್ನು 10 ಮೀಟರ್‌ವರೆಗೆ ನಂಬಿಕೆಯಿಂದ ಒಯ್ಯುತ್ತದೆ. 4ಕೆ ಆದರೆ 5 ಮೀಟರ್ ದಾಟಿದ ಮೇಲೆ ಅನುಮಾನ. ಸಿಗ್ನಲ್ ಸೊರಗಿದಾಗ ಚಿತ್ರ ಹಳೇ ಟಿವಿಯ ಹಾಗೆ ಮಸುಕಾಗುವುದಿಲ್ಲ. ಮಿಣಮಿಣ ಬಿಳಿ ಚುಕ್ಕಿ ಕಾಣುತ್ತವೆ, ಇಲ್ಲವೇ ಎರಡು ಸೆಕೆಂಡ್ ಪರದೆ ಕಪ್ಪಾಗಿ ಮತ್ತೆ ಬರುತ್ತದೆ. ಅದನ್ನು ಕಂಡು ಡಿವಿಆರ್ ಕೆಟ್ಟಿತೆಂದು ರಿಪೇರಿಗೆ ಒಯ್ದವರಿದ್ದಾರೆ. ಮೊದಲು ಒಂದೂವರೆ ಮೀಟರ್ ಕೇಬಲ್ ಹಾಕಿ, ಡಿವಿಆರನ್ನೇ ಟಿವಿಯ ಹತ್ತಿರ ತಂದು ನೋಡಬೇಕು. ಅಲ್ಲಿ ಚಿತ್ರ ಸ್ವಚ್ಛವಾಗಿ ಬಂದರೆ ತಪ್ಪು ಕೇಬಲಿನದು.

ಇನ್ನೊಂದು ಸಣ್ಣ ವಿಷಯಕ್ಕೆ ದೊಡ್ಡ ದೊಡ್ಡ ಮನೆಗಳಲ್ಲಿ ಗೋಡೆ ಒಡೆಸಿದ್ದಿದೆ. ಎಚ್‌ಡಿಎಂಐ ಕೇಬಲಿನ ತಲೆ ಅದರ ಪ್ಲಾಸ್ಟಿಕ್ ಹೊದಿಕೆ ಸೇರಿ ಸುಮಾರು 20 ಮಿಲಿಮೀಟರ್ ಅಗಲ. ಮನೆ ವೈರಿಂಗಿಗೆ ಹೂತಿಡುವ ಪಿವಿಸಿ ಪೈಪಿನ ಹೊರಗಿನ ಅಳತೆಯೇ 20 ಅಥವಾ 25 ಮಿಲಿಮೀಟರ್. ಒಳಗಿನ ಜಾಗ ಇನ್ನೂ ಕಡಿಮೆ. 20ರಲ್ಲಿ ತಲೆ ತೂರುವುದೇ ಇಲ್ಲ, 25ರಲ್ಲಿ ನೇರಕ್ಕೆ ಹೇಗೋ ಹೋಗಿ ಮೊದಲ ಬೆಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ತಲೆ ಕತ್ತರಿಸಿ ಆಮೇಲೆ ಜೋಡಿಸುವ ಕೇಬಲ್ ಅಲ್ಲ ಅದು. ಆದ್ದರಿಂದ ಪೈಪಿನಲ್ಲಿ ಎಳೆಯಬೇಕಾದ್ದು ಕ್ಯಾಟ್6 ನೆಟ್‌ವರ್ಕ್ ಕೇಬಲ್. ಎಳೆದ ಮೇಲೆ ತುದಿಗಳಿಗೆ ಆರ್‌ಜೆ45 ಎಂಬ ನೆಟ್‌ವರ್ಕ್ ಪ್ಲಗ್ ಕ್ರಿಂಪ್ ಮಾಡಿ, ಎರಡೂ ಕಡೆ ಎಚ್‌ಡಿಎಂಐ ಚಿತ್ರವನ್ನು ಈ ಕೇಬಲಿನಲ್ಲಿ ದಾಟಿಸುವ ಎಕ್ಸ್‌ಟೆಂಡರ್ ಪೆಟ್ಟಿಗೆ ಕೂರಿಸಬೇಕು. ಒಂದೇ ಕ್ಯಾಟ್6ನಲ್ಲಿ 1080ಪಿ ಚಿತ್ರವನ್ನು 50–60 ಮೀಟರ್ ಒಯ್ಯುವ ಜೋಡಿಗಳು ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತವೆ. ಆದರೆ ಕೇಬಲ್ ಅಪ್ಪಟ ತಾಮ್ರದ್ದಿರಬೇಕು. ಅಗ್ಗಕ್ಕೆ ಸಿಗುವುದರಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದದ್ದೇ ಹೆಚ್ಚು. ಬ್ಲೇಡಿನಿಂದ ತಂತಿಯ ಮೈ ಕೆರೆದು ನೋಡಿದರೆ ಸಾಕು, ಒಳಗೆ ಬೆಳ್ಳಗಿದ್ದರೆ ಅದು ತಾಮ್ರವಲ್ಲ. ಅಂಥ ಕೇಬಲಿನಲ್ಲಿ 60 ಮೀಟರ್ ಎಂದು ಬರೆದ ಎಕ್ಸ್‌ಟೆಂಡರ್ 20 ಮೀಟರಿಗೇ ಏದುಸಿರು ಬಿಡುತ್ತದೆ.

ಇಷ್ಟೆಲ್ಲ ಮಾಡಿ ಟಿವಿಯಲ್ಲಿ ನಾಲ್ಕು ಚೌಕ ಮೂಡಿದ ಮೇಲೆ ನೆನಪಾಗುತ್ತದೆ: ಮೌಸ್ ಇರುವುದು ಲಾಫ್ಟಿನಲ್ಲಿ! ನಿನ್ನೆ ರಾತ್ರಿಯದನ್ನು ನೋಡಬೇಕೆಂದರೆ ಒಬ್ಬರು ಏಣಿ ಹತ್ತಿ ಮೌಸ್ ಹಿಡಿಯಬೇಕು, ಇನ್ನೊಬ್ಬರು ಹಾಲ್‌ನಿಂದ "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಕೂಗಬೇಕು. ಸಾದಾ ಯುಎಸ್‌ಬಿ ಎಕ್ಸ್‌ಟೆನ್ಷನ್ 5 ಮೀಟರ್ ಮೀರಿದರೆ ಕೆಲಸ ಮಾಡುವ ಭರವಸೆಯಿಲ್ಲ. ಅದಕ್ಕೇ ಎಕ್ಸ್‌ಟೆಂಡರ್ ಕೊಳ್ಳುವಾಗಲೇ ಯುಎಸ್‌ಬಿಯನ್ನೂ ಜೊತೆಗೆ ಒಯ್ಯುವ ಕೆವಿಎಂ ಮಾದರಿಯನ್ನು ಕೇಳಿ ತರಬೇಕು. ದರ ಸ್ವಲ್ಪ ಜಾಸ್ತಿ, ಏಣಿ ಹತ್ತುವುದು ತಪ್ಪುತ್ತದೆ.

ಎಲ್ಲ ಸರಿಯಿದ್ದೂ ಟಿವಿ 'ನೋ ಸಿಗ್ನಲ್' ಎಂದೋ ಈ ಫಾರ್ಮ್ಯಾಟ್ ಒಗ್ಗುವುದಿಲ್ಲವೆಂದೋ ಹೇಳಿದರೆ ಕಾರಣ ಬಹಳ ಸಲ ರೆಸಲ್ಯೂಶನ್. ಯಾರೋ ಡಿವಿಆರ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 4ಕೆ ಅಥವಾ ಕಂಪ್ಯೂಟರ್ ಮಾನಿಟರಿನ ವಿಚಿತ್ರ ಅಳತೆ ಇಟ್ಟಿರುತ್ತಾರೆ, ಟಿವಿಗೆ ಅದು ಅರ್ಥವಾಗುವುದಿಲ್ಲ. ವಿಜಿಎಗೆ ಹಳೇ ಮಾನಿಟರ್ ಸಿಕ್ಕಿಸಿ, ಅದರಲ್ಲಿ ನೋಡಿಕೊಂಡು 1920×1080, 60 ಹರ್ಟ್ಸ್ ಆಯ್ದು ಸೇವ್ ಮಾಡಿದರೆ ಹಾದಿಗೆ ಬರುತ್ತದೆ. ಇನ್ನೊಂದು ಕಾರಣ ಕರೆಂಟು. ಕೆಲವು ಯಂತ್ರಗಳು ಆನ್ ಆಗುವ ಹೊತ್ತಿನಲ್ಲಿ ಮಾತ್ರ ಆ ಕಡೆಯ ಟಿವಿ ಯಾವುದು, ಅದಕ್ಕೆ ಎಷ್ಟು ರೆಸಲ್ಯೂಶನ್ ಬೇಕು ಎಂದು ವಿಚಾರಿಸುತ್ತವೆ. ರಾತ್ರಿ ಕರೆಂಟು ಹೋಗಿ ಬಂದಾಗ ಡಿವಿಆರ್ ತಾನೇ ಏಳುತ್ತದೆ, ಟಿವಿ ಮಲಗಿರುತ್ತದೆ. ಉತ್ತರ ಸಿಗದ ಡಿವಿಆರ್ ಎಚ್‌ಡಿಎಂಐಯನ್ನು ಮುಚ್ಚಿಕೊಂಡು ಕೂರುತ್ತದೆ. ಬೆಳಿಗ್ಗೆ ಟಿವಿ ಹಾಕಿದರೆ ಕತ್ತಲು. ಟಿವಿ ಮೊದಲು ಹಾಕಿ, ಆಮೇಲೆ ಡಿವಿಆರ್ ರೀಸ್ಟಾರ್ಟ್ ಮಾಡಿದರೆ ಚಿತ್ರ ಬರುತ್ತದೆ. ದಿನಾ ಇದೇ ಗೋಳಾದರೆ ಡಿವಿಆರ್ ಮತ್ತು ಕ್ಯಾಮೆರಾಗಳ ಪವರ್ ಸಪ್ಲೈ ಎರಡನ್ನೂ ಯುಪಿಎಸ್ ಲೈನಿಗೆ ಹಾಕಿಸುವುದೇ ಮದ್ದು. ಕರೆಂಟು ಹೋದ ಹೊತ್ತೇ ರೆಕಾರ್ಡಿಂಗ್ ಹೆಚ್ಚು ಬೇಕಾಗುವ ಹೊತ್ತು. ಆ ಲೆಕ್ಕದಲ್ಲೂ ಇದು ವ್ಯರ್ಥ ಖರ್ಚಲ್ಲ.

ಹಳೇ ಅನಲಾಗ್ ಕ್ಯಾಮೆರಾವನ್ನು ಡಿವಿಆರ್ ಇಲ್ಲದೆ ನೇರ ಟಿವಿಗೇ ಹಾಕಬಹುದೇ? ಹಾಕಬಹುದು. ಕ್ಯಾಮೆರಾ ಕೇಬಲಿನ ಬಿಎನ್‌ಸಿ ತುದಿಗೆ (ತಿರುಗಿಸಿ ಕೂರಿಸುವ ದುಂಡನೆಯದು) ಆರ್‌ಸಿಎ ಅಡಾಪ್ಟರ್ ಸಿಕ್ಕಿಸಿ ಟಿವಿಯ ಹಳದಿ ಎವಿ ಕಿಂಡಿಗೆ ಕೊಟ್ಟರೆ ಆಯಿತು. ಈಗಿನ ಎಚ್‌ಡಿ ಅನಲಾಗ್ ಕ್ಯಾಮೆರಾಗಳ ಸಿಗ್ನಲ್ ಟಿವಿಗೆ ತಿಳಿಯುವುದಿಲ್ಲ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಕೇಬಲಿನ ನಡುವೆ ಪುಟ್ಟ ಗುಂಡಿಯಿರುವ ಮಾದರಿಯಾದರೆ ಅದನ್ನು ಒತ್ತಿ ಹಿಡಿದು ಹಳೇ ಸಿವಿಬಿಎಸ್ ಮೋಡಿಗೆ ತಿರುಗಿಸಬೇಕು. ಕೊಟ್ಟಿಗೆಯಲ್ಲಿ ಕರು ಹಾಕುವ ಹಸುವಿನ ಮೇಲೆ ಒಂದು ವಾರ ಕಣ್ಣಿಡಲು ಇದು ಸಾಕು. ರೆಕಾರ್ಡಿಂಗ್ ಮಾತ್ರ ಇರುವುದಿಲ್ಲ.

ಚಿತ್ರ ಬಂದ ಮೇಲೆ ಟಿವಿಯದೇ ಒಂದಷ್ಟು ಕಿತಾಪತಿ ಇರುತ್ತದೆ. ಮೂಲೆಯಲ್ಲಿರುವ ದಿನಾಂಕ, ಸಮಯ ಅರ್ಧ ಕತ್ತರಿಸಿದಂತೆ ಕಂಡರೆ ಅದು ಓವರ್‌ಸ್ಕ್ಯಾನ್. ಚಾನೆಲ್ ನೋಡುವ ಕಾಲದ ಅಭ್ಯಾಸದಿಂದ ಟಿವಿ ಚಿತ್ರದ ಅಂಚನ್ನು ಸ್ವಲ್ಪ ಹೊರಗೆ ತಳ್ಳುತ್ತದೆ. ಪಿಕ್ಚರ್ ಸೈಜ್ ಆಯ್ಕೆಯಲ್ಲಿ ಎಲ್‌ಜಿಯವರು 'ಜಸ್ಟ್ ಸ್ಕ್ಯಾನ್' ಎನ್ನುತ್ತಾರೆ, ಸೋನಿಯವರು 'ಫುಲ್ ಪಿಕ್ಸೆಲ್' ಎನ್ನುತ್ತಾರೆ, ಸ್ಯಾಮ್‌ಸಂಗ್‌ನಲ್ಲಿ 'ಫಿಟ್ ಟು ಸ್ಕ್ರೀನ್'. ಹಾಗೆಯೇ 'ವಿವಿಡ್' ಮೋಡ್ ತೆಗೆಯಿರಿ. ಸಿನಿಮಾ ಹಾಡಿಗೆ ಅದು ಚಂದ, ರಾತ್ರಿಯ ಕಪ್ಪುಬಿಳುಪು ಚಿತ್ರದಲ್ಲಿ ಮಾತ್ರ ಕಾಂಪೌಂಡ್ ಮೂಲೆಯ ನಸುಗಪ್ಪನ್ನೆಲ್ಲ ಕಡುಗಪ್ಪು ಮಾಡಿಬಿಡುತ್ತದೆ. ಅಲ್ಲಿ ನಿಂತವರು ರೆಕಾರ್ಡಿಂಗ್‌ನಲ್ಲಿರುತ್ತಾರೆ, ಟಿವಿಯಲ್ಲಿ ಕಾಣುವುದಿಲ್ಲ. ಚಲನೆ ನಯ ಮಾಡುವ ಆಯ್ಕೆ, ನಾಯ್ಸ್ ರಿಡಕ್ಷನ್ ಎರಡನ್ನೂ ಬಂದ್ ಮಾಡಿ. ಕ್ಯಾಮೆರಾ ಸೆಕೆಂಡಿಗೆ 15 ಚಿತ್ರ ಕೊಟ್ಟರೆ ಟಿವಿ ನಡುವಿನದ್ದನ್ನು ತಾನೇ ಊಹಿಸಿ ತುಂಬುತ್ತದೆ. ನಡೆಯುವವನ ಕಾಲು ಎರಡಿದ್ದದ್ದು ಮೂರಾಗುವುದು ಹೀಗೆ. ಟ್ಯೂಬ್‌ಲೈಟ್ ಇರುವ ಕಡೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ತೆವಳಿದರೆ ಅದು ಟಿವಿಯ ತಪ್ಪಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್, ಕ್ಯಾಮೆರಾ 60ರಲ್ಲಿದೆ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್ ಅಥವಾ ಪಾಲ್ ಎಂದು ಮಾಡಬೇಕು.

ಇನ್ನು ಟಿವಿಯಲ್ಲಿ ಎಷ್ಟು ಕಾಣುತ್ತದೆ ಎಂಬ ಮಾತು. 'ದೊಡ್ಡ ಪರದೆ, ಹಾಗಾಗಿ ಸ್ಪಷ್ಟ' ಎಂಬ ನಂಬಿಕೆ ಇಲ್ಲಿ ಅಡಿಮೇಲಾಗುತ್ತದೆ. ಕ್ಯಾಮೆರಾ ಚಿತ್ರದಲ್ಲಿ ಎಷ್ಟು ಗುರುತು ಸಿಗುತ್ತದೆ ಎನ್ನುವುದಕ್ಕೆ ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯಲ್ಲಿ ಒಂದು ಅಳತೆಯಿದೆ: ದೃಶ್ಯದ ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್ ಬೀಳುತ್ತವೆ ಎಂಬುದು. ಗುರುತಿಲ್ಲದವನು ಇಂಥವನೇ ಎಂದು ಹೇಳಲು 250 ಬೇಕು. ಪರಿಚಯದವರನ್ನು ಗುರುತು ಹಿಡಿಯಲು 125. ಬಟ್ಟೆ, ನಡಿಗೆ ಕಾಣಲು 62ರ ಆಸುಪಾಸು. ಯಾರೋ ಇದ್ದಾರೆ ಎಂದು ತಿಳಿಯಲು 25.

ಈಗ ಲೆಕ್ಕ ಹಾಕೋಣ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅದರ ಲೆನ್ಸು 90 ಡಿಗ್ರಿ ನೋಡುತ್ತದೆ ಎಂದುಕೊಂಡರೆ, 5 ಮೀಟರ್ ದೂರದ ಗೇಟಿನಲ್ಲಿ ಅದಕ್ಕೆ ಕಾಣುವ ಅಗಲ 10 ಮೀಟರ್. ಅಂದರೆ ಮೀಟರಿಗೆ 192 ಪಿಕ್ಸೆಲ್. ಪಕ್ಕದ ಮನೆಯವರು ಬಂದರೆ ಗೊತ್ತಾಗುತ್ತದೆ, ಅಪರಿಚಿತನ ಮುಖ ನಿಖರವಾಗಿ ಸಿಗುವುದಿಲ್ಲ. ಇದು ರೆಕಾರ್ಡಿಂಗ್ ಕಥೆ. ಅದೇ ಚಿತ್ರವನ್ನು 1080ಪಿ ಟಿವಿಯಲ್ಲಿ ನಾಲ್ಕು ಚೌಕದಲ್ಲಿ ಒಂದಾಗಿ ಹಾಕಿದರೆ ಪ್ರತಿ ಚೌಕದ ಅಗಲ 960 ಪಿಕ್ಸೆಲ್, ಮೀಟರಿಗೆ 96. ಬಹಳ ಮನೆಗಳಲ್ಲಿರುವ 32 ಇಂಚಿನ ಎಚ್‌ಡಿ ರೆಡಿ ಟಿವಿಯ ಪರದೆ 1366×768. ಅಲ್ಲಿ ಒಂದು ಚೌಕಕ್ಕೆ 683 ಪಿಕ್ಸೆಲ್, ಮೀಟರಿಗೆ 68. ಹದಿನಾರು ಚೌಕ ಮಾಡಿದರೆ 34. ನಾಲ್ಕು ಚೌಕದಲ್ಲಿ ಕಂಡದ್ದು ಶರ್ಟಿನ ಬಣ್ಣ ಮಾತ್ರ. ಸಾಲದ್ದಕ್ಕೆ ಎನ್‌ವಿಆರ್‌ಗಳು ಹಲವು ಚೌಕ ತೋರಿಸುವಾಗ ಸಾಮಾನ್ಯವಾಗಿ ಕ್ಯಾಮೆರಾ ಕಳಿಸುವ ಪೂರ್ತಿ ಗಾತ್ರದ ಮುಖ್ಯ ಸ್ಟ್ರೀಮ್ ಬಿಟ್ಟು, ಅದೇ ಚಿತ್ರದ ಕಡಿಮೆ ಪಿಕ್ಸೆಲಿನ ಹಗುರಾದ ಸಬ್‌ಸ್ಟ್ರೀಮನ್ನು ಎತ್ತಿಕೊಳ್ಳುತ್ತವೆ. ಅದು 352×288ಕ್ಕೆ ಸೆಟ್ ಆಗಿದ್ದರೆ ಮೀಟರಿಗೆ 35.

ಆದ್ದರಿಂದ ಟಿವಿಯಲ್ಲಿ ಕ್ಯಾಮೆರಾ ಮಸುಕೆಂದು ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಆ ಚೌಕದ ಮೇಲೆ ಮೌಸಿನಲ್ಲಿ ಎರಡು ಸಲ ಒತ್ತಿ ಪೂರ್ತಿ ಪರದೆಗೆ ತಂದು ನೋಡಿ. ಅಲ್ಲಿ ಚೆನ್ನಾಗಿದ್ದರೆ ದುಡ್ಡು ಉಳಿಯಿತು. ಪೂರ್ತಿ ಪರದೆಯಲ್ಲೂ ಗೇಟಿನವನ ಮುಖ ಸಿಗದಿದ್ದರೆ ಟಿವಿ ಬದಲಿಸಿ ಫಲವಿಲ್ಲ, ಲೆನ್ಸು ಬದಲಿಸಬೇಕು. 6 ಮಿಲಿಮೀಟರ್ ಲೆನ್ಸು 5 ಮೀಟರ್ ದೂರದಲ್ಲಿ ಸುಮಾರು 5 ಮೀಟರ್ ಅಗಲವನ್ನಷ್ಟೇ ನೋಡುತ್ತದೆ. ಅದೇ 1920 ಪಿಕ್ಸೆಲ್ ಅಲ್ಲಿ ಮೀಟರಿಗೆ 380ರ ಹತ್ತಿರ ಬೀಳುತ್ತವೆ. ಇಡೀ ಬೀದಿ ಒಂದೇ ಕ್ಯಾಮೆರಾದಲ್ಲಿ ಕಾಣಬೇಕೆಂಬ ಆಸೆಯೇ ಮುಖಗಳನ್ನು ತಿನ್ನುವುದು.

ಡಿವಿಆರ್ ಇಲ್ಲದ, ಮೆಮೊರಿ ಕಾರ್ಡಿನ ವೈಫೈ ಕ್ಯಾಮೆರಾ ಇರುವವರಿಗೆ ದಾರಿ ಬೇರೆ. ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ ಇದ್ದರೆ ಟೈನಿಕ್ಯಾಮ್, ವಿಎಲ್‌ಸಿಯಂಥ ಆಪ್ ಹಾಕಿ ಆರ್‌ಟಿಎಸ್‌ಪಿ ಮೂಲಕ ಚಿತ್ರ ತರಿಸಬಹುದು. ಈ ಆರ್‌ಟಿಎಸ್‌ಪಿ ನೆಟ್‌ವರ್ಕಿನಲ್ಲಿ ಚಿತ್ರ ತರಿಸಿಕೊಳ್ಳಲು ಕ್ಯಾಮೆರಾ, ಆಪ್‌ಗಳ ನಡುವೆ 1998ರಿಂದ ಇರುವ ಒಪ್ಪಂದದ ಭಾಷೆ. ಬೇರೆ ಬೇರೆ ಕಂಪನಿಯ ಕ್ಯಾಮೆರಾಗಳು ಒಂದನ್ನೊಂದು ಗುರುತಿಸಲೆಂದು 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸೇರಿ ಕಟ್ಟಿದ್ದು ಒನ್‌ವಿಫ್. ಕೊಳ್ಳುವಾಗಲೇ ಡಬ್ಬಿಯ ಮೇಲೆ ಈ ಎರಡರಲ್ಲಿ ಒಂದಾದರೂ ಇದೆಯೇ ನೋಡಿಕೊಳ್ಳಬೇಕು. ಬ್ಯಾಟರಿಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಯಾಕೆಂದರೆ ಬಿಡದೆ ಚಿತ್ರ ಕಳಿಸುತ್ತ ಕೂತರೆ ಬ್ಯಾಟರಿ ನಾಳೆಗೇ ಖಾಲಿ.

ಇಲ್ಲಿ ಮೊದಲು ಎಡವುವುದು ರೂಟರ್ ಹತ್ತಿರ. ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆ ಒಂದು, ಸಿಗ್ನಲ್ ಸಾಲದೆಂದು ನಾವು ತಂದ ರೂಟರ್ ಇನ್ನೊಂದು. ರೂಟರ್ ಕೊಡುವ ಐಪಿ ವಿಳಾಸದ ಲೆಕ್ಕದಲ್ಲಿ ಕ್ಯಾಮೆರಾ 192.168.0ರ ಮನೆತನಕ್ಕೆ ಸೇರಿದೆ, ಟಿವಿ 192.168.1ರದ್ದಕ್ಕೆ. ಎರಡಕ್ಕೂ ಇಂಟರ್ನೆಟ್ ಬರುತ್ತದೆ, ಆದರೆ ಒಂದರ ಮುಖ ಇನ್ನೊಂದಕ್ಕೆ ಬಹಳ ಸಲ ಕಾಣುವುದಿಲ್ಲ. ಎರಡನೇ ರೂಟರನ್ನು, ವೈಫೈ ಹರಡುವುದನ್ನಷ್ಟೇ ಮಾಡುವ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದರೆ ಇಬ್ಬರೂ ಒಂದೇ ಮನೆಯವರಾಗುತ್ತಾರೆ. ಕ್ಯಾಮೆರಾವನ್ನು ಗೆಸ್ಟ್ ವೈಫೈಗೆ ಸೇರಿಸಿದ್ದರೂ ಇದೇ ಗತಿ. ಆಮೇಲೆ ರೂಟರಿನಲ್ಲಿ ಕ್ಯಾಮೆರಾದ ಮ್ಯಾಕ್ ವಿಳಾಸಕ್ಕೆ (ಯಂತ್ರದ ಬದಲಾಗದ ಗುರುತುಸಂಖ್ಯೆ) ಒಂದು ಐಪಿಯನ್ನು ಕಾಯ್ದಿರಿಸಬೇಕು. ಇಲ್ಲದಿದ್ದರೆ ಪ್ರತಿ ಕರೆಂಟು ಕಡಿತದ ನಂತರ ವಿಳಾಸ ಬದಲಾಗುವ ಸಾಧ್ಯತೆಯಿದೆ, ಟಿವಿ ಹಳೇ ಮನೆಯ ಬಾಗಿಲು ಬಡಿಯುತ್ತಿರುತ್ತದೆ.

ಕ್ಯಾಮೆರಾದ ಆಪ್‌ಗೆ ಹಾಕುವ ಇಮೇಲು, ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. ಟ್ಯಾಪೊ ಕ್ಯಾಮೆರಾಗಳಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನೊಳಗೆ 'ಕ್ಯಾಮೆರಾ ಅಕೌಂಟ್' ಎಂದು ಬೇರೆಯೇ ಹೆಸರು, ಗುಪ್ತಪದ ಮಾಡಿಕೊಳ್ಳಬೇಕು. ಹೈಕ್‌ವಿಷನ್ ಕಂಪನಿಯವುಗಳಲ್ಲಿ ಒನ್‌ವಿಫ್ ಮೊದಲಿಗೆ ಬಂದ್ ಇರುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ತೆರೆದು ಅದಕ್ಕೂ ಪ್ರತ್ಯೇಕ ಬಳಕೆದಾರನನ್ನು ಸೇರಿಸಬೇಕು. ಟಿವಿಯ ಆಪ್‌ನಲ್ಲಿ ಬರೆಯುವ ಆರ್‌ಟಿಎಸ್‌ಪಿ ವಿಳಾಸದಲ್ಲಿ ಪೋರ್ಟ್ 554. ವಿಳಾಸದ ಕೊನೆಯಲ್ಲಿ ಹೈಕ್‌ವಿಷನ್‌ಗೆ 101 ಎಂದರೆ ಮೊದಲ ಕ್ಯಾಮೆರಾದ ಮುಖ್ಯ ಸ್ಟ್ರೀಮ್, 102 ಎಂದರೆ ಅದರ ಸಬ್‌ಸ್ಟ್ರೀಮ್, ಎರಡನೇ ಕ್ಯಾಮೆರಾಗೆ 201, 202. ದಾಹುವಾ ಎಂಬ ಇನ್ನೊಂದು ಕಂಪನಿಯ ಮಾದರಿಯ ವಿಳಾಸದಲ್ಲಿ ಚಾನೆಲ್ ಸಂಖ್ಯೆ ಒಂದು ಕಡೆ, ಸಬ್‌ಟೈಪ್ ಇನ್ನೊಂದು ಕಡೆ; 0 ಮುಖ್ಯ, 1 ಉಪ. ಪಾಸ್‌ವರ್ಡಿನಲ್ಲಿ @ ಇದ್ದರೆ ಇಡೀ ವಿಳಾಸ ಎಡವುತ್ತದೆ, ಯಾಕೆಂದರೆ ಪಾಸ್‌ವರ್ಡ್ ಮುಗಿದು ಐಪಿ ಶುರುವಾಯಿತೆಂದು ಹೇಳುವ ಚಿಹ್ನೆಯೇ ಅದು. ಅದರ ಜಾಗದಲ್ಲಿ %40 ಬರೆಯಬೇಕು, ಅಥವಾ @ ಇಲ್ಲದ ಪಾಸ್‌ವರ್ಡ್ ಇಡಬೇಕು. ಟಿವಿ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಆರಿಸುತ್ತ ಇದನ್ನೆಲ್ಲ ಟೈಪ್ ಮಾಡುವುದು ತಾಳ್ಮೆಯ ಪರೀಕ್ಷೆ. ಯುಎಸ್‌ಬಿ ಕೀಬೋರ್ಡನ್ನು ಟಿವಿಗೆ ಸಿಕ್ಕಿಸಿದರೆ ಹೆಚ್ಚಿನ ಆಂಡ್ರಾಯ್ಡ್ ಟಿವಿಗಳು ಮಾತಿಲ್ಲದೆ ಒಪ್ಪಿಕೊಳ್ಳುತ್ತವೆ.

ಚಿತ್ರ ಬಂದರೂ ಹಸಿರು ಬೂದು ಬಣ್ಣದಲ್ಲಿ ಕಲಸಿದ ರಾಗಿ ಹಿಟ್ಟಿನಂತೆ ಕಂಡರೆ, ವೈಫೈನಲ್ಲಿ ಪ್ಯಾಕೆಟ್‌ಗಳು ದಾರಿಯಲ್ಲಿ ಉದುರುತ್ತಿವೆ ಎಂದರ್ಥ. ಆಪ್‌ನಲ್ಲಿ ಯುಡಿಪಿ ಬದಲು, ಉದುರಿದ್ದನ್ನು ಮತ್ತೆ ಕಳಿಸುವ ಟಿಸಿಪಿ ಆಯ್ದುಕೊಳ್ಳಿ. ಶಬ್ದ ಬಂದು ಚಿತ್ರವೇ ಬಾರದಿದ್ದರೆ ಕ್ಯಾಮೆರಾ ಬಹುಶಃ ಎಚ್.265 ಎಂಬ ಹೊಸ ವಿಡಿಯೊ ಅಡಕ ಪದ್ಧತಿಯಲ್ಲಿದೆ, ಟಿವಿಗೆ ಅದು ಬಾರದು, ಸಬ್‌ಸ್ಟ್ರೀಮನ್ನು ಎಚ್.264ಕ್ಕೆ ಬದಲಿಸಿ. ನಾಲ್ಕು ಕ್ಯಾಮೆರಾ ಒಟ್ಟಿಗೆ ನೋಡುವುದಾದರೆ ಪ್ರತಿಯೊಂದರ ಸಬ್‌ಸ್ಟ್ರೀಮ್ 640×360, ಸೆಕೆಂಡಿಗೆ 15 ಚಿತ್ರ, 512 ಕೆಬಿಪಿಎಸ್, ಐ-ಫ್ರೇಮ್ ಅಂತರ 30 ಇಟ್ಟರೆ ಹಗುರವಾಗಿ ಓಡುತ್ತದೆ. ಐ-ಫ್ರೇಮ್ ಎಂದರೆ ಪೂರ್ತಿ ಚಿತ್ರ; ನಡುವಿನವು ಬದಲಾವಣೆಯ ತುಣುಕುಗಳು ಮಾತ್ರ. ಅಂತರ 30 ಇದ್ದರೆ ಎರಡು ಸೆಕೆಂಡಿಗೊಮ್ಮೆ ಪೂರ್ತಿ ಚಿತ್ರ ಬರುತ್ತದೆ. ಯಾರೋ 150 ಇಟ್ಟಿದ್ದರೆ ಆಪ್ ತೆರೆದ ಮೇಲೆ ಹತ್ತು ಸೆಕೆಂಡ್ ಕಪ್ಪು ಪರದೆ ನೋಡುತ್ತ ಕೂರಬೇಕಾದೀತು. ವಿಎಲ್‌ಸಿ ತಾನಾಗಿಯೇ ಒಂದು ಸೆಕೆಂಡಿನ ಚಿತ್ರವನ್ನು ಕೂಡಿಟ್ಟುಕೊಂಡು ತೋರಿಸುತ್ತದೆ. ಒಟ್ಟಿನಲ್ಲಿ ಈ ದಾರಿಯಲ್ಲಿ ಗೇಟಿನ ಘಟನೆ ಟಿವಿಗೆ ಒಂದೆರಡು ಸೆಕೆಂಡ್ ತಡವಾಗಿಯೇ ತಲುಪುವುದು.

ಫೋನಿನ ಪರದೆಯನ್ನೇ ಟಿವಿಗೆ ಹಾಯಿಸುವ ಕಾಸ್ಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಮ್ಮೆ ನೋಡಲು ಸರಿ. ಫೋನು ಅಡ್ಡ ತಿರುಗಿಸದಿದ್ದರೆ ಟಿವಿಯ ನಡುವೆ ಬೆರಳಗಲದ ಚಿತ್ರ ಬರುತ್ತದೆ, ಫೋನು ಲಾಕ್ ಆದರೆ ಅದೂ ಹೋಗುತ್ತದೆ, ಬ್ಯಾಂಕಿನ ಒಟಿಪಿ ನೆಂಟರಿಷ್ಟರ ಮುಂದೆ ನಲವತ್ಮೂರು ಇಂಚಿನಲ್ಲಿ ಮೂಡುತ್ತದೆ.

ಟಿವಿ ನಿಜಕ್ಕೂ ಫೋನನ್ನು ಮೀರಿಸುವುದು ಹಳೆಯದನ್ನು ಹುಡುಕುವಾಗ. ಸ್ಕೂಟರ್ ಹೋಗಿದೆ, ರಾತ್ರಿ 10ಕ್ಕೆ ಇತ್ತು, ಬೆಳಿಗ್ಗೆ 6ಕ್ಕೆ ಇಲ್ಲ. ಜನ ಎಂಟು ಗಂಟೆಯ ರೆಕಾರ್ಡಿಂಗನ್ನು 16 ಪಟ್ಟು ವೇಗದಲ್ಲಿ ಓಡಿಸಿ ಅರ್ಧ ಗಂಟೆ ಕಣ್ಣು ಪಿಳುಕಿಸದೆ ಕೂರುತ್ತಾರೆ, ಆದರೂ ಆ ಎರಡು ಸೆಕೆಂಡು ತಪ್ಪಿಹೋಗುತ್ತದೆ. ಹೀಗೆ ಮಾಡಿ. ಪ್ಲೇಬ್ಯಾಕ್‌ನಲ್ಲಿ ಆ ದಿನಾಂಕ ಆಯ್ದು, ಗೇಟಿನ ಕ್ಯಾಮೆರಾ ಒಂದನ್ನೇ ಪೂರ್ತಿ ಪರದೆಗೆ ಹಾಕಿ, ಕೆಳಗಿನ ಸಮಯದ ಪಟ್ಟಿಯಲ್ಲಿ ನೇರ 2 ಗಂಟೆಗೆ ಒತ್ತಿ. ಸ್ಕೂಟರ್ ಇದೆಯೇ? ಇದ್ದರೆ 4ಕ್ಕೆ, ಇಲ್ಲದಿದ್ದರೆ 12ಕ್ಕೆ. ಪ್ರತಿ ಸಲ ಉಳಿದ ಹೊತ್ತನ್ನು ಅರ್ಧ ಮಾಡುತ್ತ ಹೋದರೆ ಎಂಟು ಗಂಟೆಯ 480 ನಿಮಿಷ ಒಂಬತ್ತನೇ ಹೆಜ್ಜೆಗೆ ಒಂದು ನಿಮಿಷದೊಳಗೆ ಬಂದು ನಿಲ್ಲುತ್ತದೆ. ವಸ್ತು ಹೋದದ್ದು, ಬಾಗಿಲು ತೆರೆದದ್ದು, ಬಿಟ್ಟ ಚಪ್ಪಲಿ, ಬಿದ್ದ ಕುಂಡ, ಹೀಗೆ ಗುರುತು ಉಳಿಯುವ ಯಾವುದಕ್ಕೂ ಇದು ನಡೆಯುತ್ತದೆ. ಬಂದು ಇಣುಕಿ ಹಾಗೇ ಹೋದವನಿಗೆ ನಡೆಯುವುದಿಲ್ಲ. ಅವನಿಗೆ, ಚಲನೆ ಕಂಡಾಗ ಯಂತ್ರ ಹಾಕಿಟ್ಟ ಮೋಷನ್ ಗುರುತುಗಳನ್ನು ಒಂದೊಂದಾಗಿ ನೋಡಲೇಬೇಕು. ಆ ಗುರುತುಗಳು ನೂರಾರಿದ್ದರೆ ಕಾರಣ ಜೇಡ. ರಾತ್ರಿ ಕ್ಯಾಮೆರಾದ ಸುತ್ತ ಹುಳ ಸುಳಿಯುತ್ತವೆ, ಹುಳಕ್ಕೆಂದು ಜೇಡ ಬಂದು ಲೆನ್ಸಿನ ಮುಂದೆಯೇ ಬಲೆ ನೇಯುತ್ತದೆ, ಗಾಳಿಗೆ ಒಂದು ಎಳೆ ಅಲುಗಿದರೂ ಯಂತ್ರಕ್ಕೆ ಅದು ಮನುಷ್ಯನಷ್ಟು ದೊಡ್ಡದು. ತಿಂಗಳಿಗೊಮ್ಮೆ ಉದ್ದ ಕೋಲಿನ ಪೊರಕೆ ಆಡಿಸಬೇಕು.

ಹುಡುಕುವ ಮೊದಲು ಡಿವಿಆರ್ ಗಡಿಯಾರವನ್ನು ಫೋನಿನ ಗಡಿಯಾರದ ಜೊತೆ ಹೋಲಿಸಿ. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಪ್ರತಿ ಕರೆಂಟು ಕಡಿತಕ್ಕೂ ದಿನಾಂಕ ಹಿಂದಕ್ಕೆ ಓಡುತ್ತದೆ. ರೆಕಾರ್ಡಿಂಗ್ ಎಲ್ಲೂ ಹೋಗಿರುವುದಿಲ್ಲ, ಯಾವುದೋ ಹಳೇ ವರ್ಷದ ಕೆಳಗೆ ಅವಿತಿರುತ್ತದೆ. ತಿಂಗಳ ಹಿಂದಿನದ್ದು ಇಲ್ಲವೆಂದರೆ ಅದು ಡಿಸ್ಕಿನ ಲೆಕ್ಕ: 2 ಎಂಬಿಪಿಎಸ್‌ನ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತಿನ್ನುತ್ತದೆ, ನಾಲ್ಕು ಕ್ಯಾಮೆರಾಗೆ 1 ಟಿಬಿ ಡಿಸ್ಕು ಹನ್ನೊಂದು ದಿನಕ್ಕೆ ತುಂಬಿ ಹಳೆಯದರ ಮೇಲೆ ಬರೆಯಲು ಶುರು. ಹಾಗಾಗಿ ಸಿಕ್ಕ ದಿನವೇ ನಕಲು ತೆಗೆಯಬೇಕು. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ ಯಾವ ಡಿವಿಆರೂ ತಕರಾರು ಮಾಡುವುದಿಲ್ಲ, ಒಂದು ಫೈಲು 4 ಜಿಬಿ ಮೀರದಿದ್ದರೆ ಸರಿ. ಘಟನೆಗೆ ಹತ್ತು ನಿಮಿಷ ಹಿಂದಿನಿಂದ ಹತ್ತು ನಿಮಿಷ ಮುಂದಿನವರೆಗೆ ತೆಗೆದುಕೊಳ್ಳಿ. ಆ ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿ 'ಫೈಲ್ ತೆರೆಯುತ್ತಿಲ್ಲ' ಎಂದರೆ ಗಾಬರಿ ಬೇಡ: ದಾಹುವಾ ಮಾದರಿಯ ಯಂತ್ರಗಳು ಡಿಎವಿ ಎಂಬ ತಮ್ಮದೇ ರೂಪದಲ್ಲಿ ಬರೆಯುತ್ತವೆ, ನಕಲು ತೆಗೆಯುವಾಗಲೇ ಎಂಪಿ4 ಆಯ್ದುಕೊಂಡಿದ್ದರೆ ಟಿವಿಯಲ್ಲೂ ಓಡುತ್ತಿತ್ತು.

ಟಿವಿ ಪರದೆಯನ್ನು ಫೋನಿನಲ್ಲಿ ವಿಡಿಯೊ ಮಾಡಿ ಬೀದಿಯ ವಾಟ್ಸ್ಆಪ್ ಗುಂಪಿಗೆ ಹಾಕುವುದು ಈಗ ವಾಡಿಕೆ. ಗುರುತು ಪತ್ತೆಗೆ ಅದೂ ಉಪಯೋಗವೇ. ಆದರೆ ಪೊಲೀಸರಿಗೆ, ಕೋರ್ಟಿಗೆ ಬೇಕಾದ್ದು ಡಿವಿಆರ್‌ನಿಂದ ನೇರ ತೆಗೆದ ಫೈಲು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ ಎನ್ನುತ್ತಿದ್ದದ್ದು ಇದನ್ನೇ. ಗಡಿಯಾರ ಏಳು ನಿಮಿಷ ಮುಂದಿದ್ದರೆ ತಿದ್ದಲು ಹೋಗದೆ ಮೊದಲು ಅದನ್ನು ಬರೆದಿಟ್ಟುಕೊಳ್ಳಿ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು ಬೇರೆಯಾಗಿ. ಅಡಿಕೆ ಒಣಗಿಸುವ ಅಂಗಳಕ್ಕೆ, ತೋಟದ ಪಂಪ್‌ಹೌಸಿಗೆ ಮರದಿಂದ ಮರಕ್ಕೆ ಎಳೆದ ನೆಟ್‌ವರ್ಕ್ ಕೇಬಲ್ ಗುಡುಗಿನ ದಿನ ಸಿಡಿಲಿಗೆ ಹಾಸಿದ ಹಾದಿ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಆ ತಂತಿಯಲ್ಲಿ ಉಕ್ಕುವ ವಿದ್ಯುತ್ತು ಕ್ಯಾಮೆರಾ, ಡಿವಿಆರ್ ದಾಟಿ ಎಚ್‌ಡಿಎಂಐ ಮೂಲಕ ಟಿವಿಯ ಮದರ್‌ಬೋರ್ಡಿಗೂ ತಲುಪುತ್ತದೆ. ಪ್ಲಗ್ ಕಿತ್ತಿಟ್ಟೆವೆಂದು ನೆಮ್ಮದಿಯಿಂದಿರುತ್ತಾರೆ, ಎಚ್‌ಡಿಎಂಐ ಮಾತ್ರ ಹಾಗೇ ಸಿಕ್ಕಿಸಿರುತ್ತದೆ. ಅದನ್ನೂ ಕೀಳಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬದಲು, ಮನೆಯಿಂದಾಚೆಗಿನ ಓಟಕ್ಕೆ ಫೈಬರ್ ಎಳೆದು ಎರಡೂ ತುದಿಗೆ ಫೈಬರಿನ ಬೆಳಕನ್ನು ನೆಟ್‌ವರ್ಕ್ ಕೇಬಲಿಗೆ ಒಗ್ಗಿಸುವ ಮೀಡಿಯಾ ಕನ್ವರ್ಟರ್ ಇಟ್ಟರೆ ತೋಟದ ಕಡೆಯದು ಸುಟ್ಟರೂ ಮನೆಯ ಕಡೆಯದು ಉಳಿಯುತ್ತದೆ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ. ಬಲಕ್ಕೆಂದು ಉಕ್ಕಿನ ತಂತಿ ಸೇರಿಸಿದ ಫೈಬರಾದರೆ ಆ ಉಕ್ಕನ್ನು ಎರಡೂ ತುದಿಯಲ್ಲಿ ಯಂತ್ರಕ್ಕೆ ತಾಗದಂತೆ ಕತ್ತರಿಸಿಡಬೇಕು.

ಪಾಸ್‌ವರ್ಡ್ ವಿಷಯ ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರಿನ ಹಾವಳಿ ಹಬ್ಬಿದ್ದು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಡಿವಿಆರ್, ಕ್ಯಾಮೆರಾ, ರೂಟರ್‌ಗಳ ಮೂಲಕವೇ. ಟಿವಿಯ ಆಪ್‌ಗೆ ಅಡ್ಮಿನ್ ಹೆಸರು ಕೊಡಬೇಡಿ, ನೋಡಲಷ್ಟೇ ಅನುಮತಿಯಿರುವ ಬೇರೆ ಬಳಕೆದಾರನನ್ನು ಮಾಡಿ. ಟಿವಿ ಮಾರುವ ದಿನ ಫ್ಯಾಕ್ಟರಿ ರೀಸೆಟ್ ಮಾಡುವುದು ನೆನಪಿರಲಿ. ಡಿವಿಆರ್‌ನಲ್ಲಿ ಲಾಗೌಟ್ ಆದ ಮೇಲೂ ಯಾವ ಕ್ಯಾಮೆರಾ ಕಾಣಬೇಕು, ಯಾವುದು ಬೇಡ ಎಂದು ಆರಿಸುವ ಸೌಲಭ್ಯವಿರುತ್ತದೆ. ಗೇಟು, ಪೋರ್ಟಿಕೊ ಇರಲಿ; ಮನೆಯೊಳಗಿನದ್ದಿದ್ದರೆ ಟಿಕ್ ತೆಗೆಯಿರಿ. ಹಾಲ್‌ನ ಟಿವಿ ಬಂದವರೆಲ್ಲರ ಕಣ್ಣಿಗೂ ಬೀಳುವಂಥದ್ದು.

ಕೊನೆಗೆ ರಿಮೋಟು. ಸೋರ್ಸ್, ಎಚ್‌ಡಿಎಂಐ 1, ಎಚ್‌ಡಿಎಂಐ 2 ಎಂಬ ಪಟ್ಟಿ ಅಜ್ಜಿಗೆ ಒಂದೇ ತೆರನಾದ ಮೂರು ಬಾಗಿಲು. ಬಹಳಷ್ಟು ಟಿವಿಗಳಲ್ಲಿ ಇನ್‌ಪುಟ್‌ನ ಹೆಸರನ್ನು ನಾವೇ ಬದಲಿಸಬಹುದು. ಆ ಪಟ್ಟಿಯಲ್ಲಿ ಎಚ್‌ಡಿಎಂಐ 2ರ ಮೇಲೆ ನಿಂತು ರಿಮೋಟಿನ ಆಪ್ಷನ್ ಗುಂಡಿ ಒತ್ತಿ, ಹೆಸರು 'ಗೇಟು' ಎಂದು ಮಾಡಿ. ಕನ್ನಡ ಅಕ್ಷರ ಬರದ ಟಿವಿಯಾದರೆ ಇಂಗ್ಲಿಷಿನಲ್ಲೇ ಇರಲಿ. ರಿಮೋಟಿನ ಸೋರ್ಸ್ ಗುಂಡಿಯ ಪಕ್ಕ ಒಂದು ಕೆಂಪು ಸ್ಟಿಕ್ಕರ್ ಅಂಟಿಸಿ. ಎರಡು ಸಲ ಒತ್ತಿದರೆ ಗೇಟು, ಇನ್ನೆರಡು ಸಲ ಒತ್ತಿದರೆ ಮತ್ತೆ ಧಾರಾವಾಹಿ.